ಟೇಲರ್ ಸಾಹೇಬನ ಪುಸ್ತಕದ ಹೆಂಗಸರು

ಕರ್ನಲ್ ಮೆಡೋಸ್ ಟೇಲರನ ಆತ್ಮಕಥೆ ‘ದಿ ಸ್ಟೋರಿ ಆಫ್ ಮೈ ಲೈಫ್’ ಅಚ್ಚಾದದ್ದು 1877ರಲ್ಲಿ, ಅವನು ತೀರಿಕೊಂಡ ಮರುವರ್ಷ. ಶೀರ್ಷಿಕೆ ಪುಟದಲ್ಲಿ ಕರ್ನಲ್‌ನ ಹೆಸರಿದೆ, ಮುನ್ನುಡಿ ಬರೆದ ಹೆನ್ರಿ ರೀವ್‌ನ ಹೆಸರಿದೆ. ಹಸ್ತಪ್ರತಿಯನ್ನು ತಿದ್ದಿ ತೀಡಿ ಪುಸ್ತಕವಾಗಿಸಿದವಳ ಹೆಸರಿಲ್ಲ. ‘ಸಂಪಾದಕಿ: ಅವರ ಮಗಳು’ ಎಂದಷ್ಟೇ ಇದೆ. ವಸಾಹತು ಕಾಲದ ಹೆಣ್ಣೊಬ್ಬಳ ವಂಶದ ಜಾಡು ಹಿಡಿದು ಹೊರಟವರಿಗೆ ಎದುರಾಗುವ ತೊಡಕು ಈ ಒಂದೇ ಪುಟದಲ್ಲಿದೆ.

ಕಲಬುರಗಿ, ಯಾದಗಿರಿ ಸೀಮೆಗೆ ಟೇಲರ್ ಅಪರಿಚಿತನಲ್ಲ. 1840ರ ದಶಕದಲ್ಲಿ ಸುರಪುರದ ಆಡಳಿತ ನೋಡಿಕೊಂಡವನು. ಜನ ಅವನನ್ನು ಮಹಾದೇವ ಬಾಬಾ ಎಂದು ಕರೆದರು. ಟೇಲರ್ ಮಂಜಿಲ್ ಅಲ್ಲಿ ಇಂದಿಗೂ ನಿಂತಿದೆ. ಶಹಾಬಾದಿನಿಂದ ಭೀಮೆ ದಾಟಿದರೆ ಸಿಗುವ ಜೇವರ್ಗಿ ಸೀಮೆಯಲ್ಲಿ ಬೃಹತ್ ಶಿಲಾಯುಗದ ಗೋರಿಗಳನ್ನು ಅಗೆಸಿ, ಅಳತೆ ತೆಗೆದು, ನಕ್ಷೆ ಬರೆದಿಟ್ಟವನೂ ಅವನೇ. ಕೆರೆ, ಬೆಳೆ, ಕಂದಾಯ, ದರೋಡೆ, ಬೇಡರ ಪಡೆಗಳ ಬಗ್ಗೆ ಅವನು ಕೊಡುವ ವಿವರಗಳು ಹತ್ತೊಂಬತ್ತನೆಯ ಶತಮಾನದ ಈ ನಾಡಿನ ಚರಿತ್ರೆ ಬರೆಯುವವರಿಗೆ ಬೇಕೇ ಬೇಕು. ಆ ಮಟ್ಟಿಗೆ ಇದು ದೊಡ್ಡ ಪುಸ್ತಕ.

ಹೆಂಗಸರ ವಿಷಯಕ್ಕೆ ಬಂದರೆ ಮಾತು ಬೇರೆ. ಸುರಪುರದ ರಾಣಿ ಈಶ್ವರಮ್ಮನಿಗೆ ಟೇಲರ್ ಪುಟಗಟ್ಟಲೆ ಜಾಗ ಕೊಟ್ಟಿದ್ದಾನೆ. ಆದರೆ ಅಲ್ಲಿ ಕಾಣುವುದು ಒಬ್ಬ ಅಧಿಕಾರಿಯ ಕಣ್ಣಿಗೆ ಅಡ್ಡಿಯಾದ ಹೆಣ್ಣು: ಹಟಮಾರಿ, ನಡತೆಗೆಟ್ಟವಳು, ದುಂದುಗಾರ್ತಿ. ಗಂಡ ಸತ್ತ ಮೇಲೆ ಎಳೆಯ ಮಗನ ಹೆಸರಿನಲ್ಲಿ ಸಂಸ್ಥಾನವನ್ನು ಕೈಯಲ್ಲಿ ಹಿಡಿದವಳು ಅವಳು. ಒಂದು ಕಡೆ ನಿಜಾಮನ ಸರ್ಕಾರ, ಇನ್ನೊಂದು ಕಡೆ ಕಂಪನಿ ಸರ್ಕಾರ, ಎರಡರ ನಡುವೆ ಅವಳ ಆಟ ನಡೆಯಬೇಕಿತ್ತು. ಅವಳನ್ನು ಹೀಗೆ ಓದಲು ಟೇಲರ್ ದಾರಿ ಬಿಡುವುದಿಲ್ಲ. ಎದುರಾಳಿಯೇ ಸಾಕ್ಷಿಯೂ ನ್ಯಾಯಾಧೀಶನೂ ಆದ ಕಡೆ ಅವನ ತೀರ್ಪನ್ನು ಚರಿತ್ರೆ ಎಂದು ಒಪ್ಪಬಾರದು.

ಸ್ವಂತ ಹೆಂಡತಿ ಮೇರಿ ಪಾಮರ್‌ಗೆ ಸಿಕ್ಕ ಜಾಗ ಇದಕ್ಕಿಂತ ಎಷ್ಟೋ ಕಡಿಮೆ. ಮೇರಿಯ ವಂಶವೋ ಒಂದು ಕಾದಂಬರಿಗೆ ಸಾಕಾಗುವಷ್ಟಿದೆ. ತಂದೆ ವಿಲಿಯಂ ಪಾಮರ್, ನಿಜಾಮನಿಗೇ ಸಾಲ ಕೊಟ್ಟ ಹೈದರಾಬಾದಿನ ಸಾಹುಕಾರ. 1820ರ ದಶಕದಲ್ಲಿ ಆ ಕೋಠಿ ದಿವಾಳಿಯೆದ್ದಾಗ ಅದರ ಗಲಾಟೆ ಲಂಡನ್‌ವರೆಗೂ ಹೋಯಿತು. ಅಜ್ಜ ಜನರಲ್ ಪಾಮರ್, ವಾರೆನ್ ಹೇಸ್ಟಿಂಗ್ಸ್‌ನ ಆಪ್ತ, ಪುಣೆಯ ರೆಸಿಡೆಂಟ್. ಅಜ್ಜಿ ಫೈಜ್ ಬಕ್ಷ್, ಲಖನೌದಲ್ಲಿ ಜನರಲ್‌ನ ಕೈಹಿಡಿದ ಮುಸ್ಲಿಂ ಹೆಣ್ಣುಮಗಳು. ಅಂದರೆ ‘ತಾರಾ’, ‘ಸೀತಾ’ ಎಂದು ಭಾರತದ ಹೆಣ್ಣುಗಳ ಹೆಸರಿಟ್ಟು ಕಾದಂಬರಿ ಬರೆದ ಟೇಲರನ ಮಕ್ಕಳ ಮೈಯಲ್ಲೇ ಹಿಂದೂಸ್ತಾನದ ರಕ್ತವಿತ್ತು.

ಫೈಜ್ ಬಕ್ಷ್ ಯಾರ ಮಗಳು? ಅವಧದ ರಾಜಕುಮಾರಿ ಎಂದರು ಕೆಲವರು, ದೆಹಲಿಯ ಶಹಜಾದಿ ಎಂದರು ಇನ್ನು ಕೆಲವರು. ಬಿಳಿಯ ಮನೆತನಗಳು ತಮ್ಮ ವಂಶದಲ್ಲಿ ಭಾರತದ ಅಜ್ಜಿಯೊಬ್ಬಳನ್ನು ಕಂಡಾಗ ಮಾಡಿದ್ದು ಎರಡೇ ಕೆಲಸ: ಒಂದೋ ಮುಚ್ಚಿಟ್ಟವು, ಇಲ್ಲವೇ ಅವಳಿಗೆ ಕಿರೀಟ ತೊಡಿಸಿದವು. ಎರಡರಲ್ಲೂ ಆ ಹೆಣ್ಣು ಕಳೆದುಹೋಗುತ್ತಾಳೆ. ಬ್ರಿಟಿಷ್ ಲೈಬ್ರರಿಯಲ್ಲಿ ಪಾಮರ್ ಕುಟುಂಬದ ಅಪೂರ್ಣ ವರ್ಣಚಿತ್ರವೊಂದಿದೆ, 1780ರ ದಶಕದ್ದು. ಫೈಜ್ ಮಕ್ಕಳೊಂದಿಗೆ ನೆಲದ ಮೇಲೆ ಕೂತಿದ್ದಾಳೆ. ಜನರಲ್‌ನ ಇನ್ನೊಂದು ಪಕ್ಕದಲ್ಲಿರುವ ಹೆಂಗಸು ಅವಳ ತಂಗಿಯೋ, ಸವತಿಯೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಈ ಫೈಜ್‌ಳ ಗೆಳತಿಯೇ ಖೈರುನ್ನೀಸಾ. ವಿಲಿಯಂ ಡಾಲ್ರಿಂಪಲ್ 2002ರಲ್ಲಿ ಹೊರತಂದ ‘ವೈಟ್ ಮುಘಲ್ಸ್’ ಅವಳ ಕಥೆ. ಹೈದರಾಬಾದಿನ ರೆಸಿಡೆಂಟ್ ಜೇಮ್ಸ್ ಕರ್ಕ್‌ಪ್ಯಾಟ್ರಿಕ್‌ನನ್ನು ಮದುವೆಯಾದವಳು, 1805ರಲ್ಲಿ ಇಬ್ಬರು ಮಕ್ಕಳನ್ನು ಇಂಗ್ಲೆಂಡಿನ ಹಡಗು ಹತ್ತಿಸಿದವಳು, ಅದೇ ವರ್ಷ ಗಂಡನನ್ನು ಕಳೆದುಕೊಂಡವಳು, ಮಕ್ಕಳ ಮುಖವನ್ನು ಮತ್ತೆ ಕಾಣದೆ 1813ರಲ್ಲಿ ಇನ್ನೂ ಎಳೆಯ ವಯಸ್ಸಿನಲ್ಲೇ ಸತ್ತವಳು. ಮಗಳು ಕಿಟ್ಟಿ ಹಡಗು ಹತ್ತಿದ ಸುಮಾರು 36 ವರ್ಷಗಳ ನಂತರ ಹೈದರಾಬಾದಿನಲ್ಲಿದ್ದ ಅಜ್ಜಿ ಷರಫುನ್ನೀಸಾಳಿಗೆ ಪತ್ರ ಬರೆದು ಕೊಂಡಿ ಬೆಸೆದುಕೊಂಡಳು. ವಂಶದ ಹುಡುಕಾಟವೆಂದರೆ ಏನೆಂಬುದಕ್ಕೆ ಇಷ್ಟು ಎದೆ ಕಲಕುವ ಉದಾಹರಣೆ ಇನ್ನೊಂದು ಸಿಗುವುದು ಕಷ್ಟ.

ಡಾಲ್ರಿಂಪಲ್ ಪಟ್ಟ ಶ್ರಮ ದೊಡ್ಡದು. ಇಂಗ್ಲಿಷ್ ದಫ್ತರದ ಜೊತೆ ಪರ್ಷಿಯನ್ ಮೂಲಗಳನ್ನೂ ತೆರೆದು ನೋಡಿದ್ದಾರೆ. ಆದರೂ ಖೈರುನ್ನೀಸಾ ಅಲ್ಲಿ ನಮಗೆ ಸಿಗುವುದು ಹೆಚ್ಚಾಗಿ ಗಂಡಸರ ಪತ್ರಗಳ ಮೂಲಕವೇ. ಅವಳು ದಿವಾನ್ ಮೀರ್ ಆಲಮ್‌ನ ಬಂಧು, ಅವಳ ಗಂಡ ರೆಸಿಡೆಂಟ್, ಆದ್ದರಿಂದ ಕಾಗದ ಉಳಿಯಿತು. ಸಾಮಾನ್ಯ ಹೆಣ್ಣಿನ ಜಾಡು ಹಿಡಿಯುವವರಿಗೆ ದುರ್ಬಾ ಘೋಷ್ ಅವರ ‘ಸೆಕ್ಸ್ ಅಂಡ್ ದಿ ಫ್ಯಾಮಿಲಿ ಇನ್ ಕಲೋನಿಯಲ್ ಇಂಡಿಯಾ’ (2006) ಹೆಚ್ಚು ಕೆಲಸಕ್ಕೆ ಬರುವ ಪುಸ್ತಕ. ಮರಣಶಾಸನ, ದೀಕ್ಷಾಸ್ನಾನದ ದಾಖಲೆ, ಕೋರ್ಟಿನ ಕಾಗದಗಳಲ್ಲಿ ತಾಯಿಯ ಹೆಸರು ಹೇಗೆ ಅಳಿಸಿಹೋಗುತ್ತದೆ ಎಂಬುದನ್ನು ಅವರು ಪ್ರಶ್ನೆಯಾಗಿ ಎತ್ತಿಕೊಳ್ಳುತ್ತಾರೆ. ಖಾಲಿ ಬಿಟ್ಟ ಜಾಗವೂ ಅವರಿಗೆ ಪುರಾವೆ. ಕಥೆಯ ಸೊಗಸು ಡಾಲ್ರಿಂಪಲ್‌ರಲ್ಲಿ, ವಿಧಾನದ ಬಲ ಘೋಷ್‌ರಲ್ಲಿ.

ಈ ವಿಧಾನವನ್ನು ವಾಡಿ, ಸೇಡಂ ಕಡೆ ತಂದರೆ ಏನಾದೀತು? 1871ರಲ್ಲಿ ಮುಂಬೈಯ ಗ್ರೇಟ್ ಇಂಡಿಯನ್ ಪೆನಿನ್ಸುಲಾ (ಜಿಐಪಿ) ರೈಲು ರಾಯಚೂರು ಮುಟ್ಟಿತು. 1874ರಲ್ಲಿ ನಿಜಾಮ್ ರೈಲು ವಾಡಿಯಿಂದ ಚಿತ್ತಾಪುರ, ಸೇಡಂ ದಾಟಿ ಹೈದರಾಬಾದಿನತ್ತ ಹೊರಟಿತು. ರೈಲಿನ ಜೊತೆ ಗಾರ್ಡು, ಡ್ರೈವರು, ಫಿಟ್ಟರುಗಳ ಸಂಸಾರಗಳು ಬಂದವು. ಅಂಥ ಕ್ರೈಸ್ತ ಮನೆಯ ಹೆಣ್ಣೊಬ್ಬಳನ್ನು ಹುಡುಕುವವರು ಚರ್ಚಿನ ದಾಖಲೆಗಳ ಮದ್ರಾಸ್ ಸಂಪುಟಗಳನ್ನಷ್ಟೇ ಅಲ್ಲ, ಮುಂಬೈ ಸಂಪುಟಗಳನ್ನೂ ನೋಡಬೇಕು; ವಾಡಿಯಲ್ಲಿ ಎರಡು ಕಂಪನಿಗಳು ಕೂಡುತ್ತಿದ್ದವು. ಮದುವೆಯ ದಾಖಲೆಯಲ್ಲಿ ಸಿಗುವುದು ವಧುವಿನ ತಂದೆಯ ಹೆಸರು. ತಾಯಿಯನ್ನು ಹಿಡಿಯಲು ವಧುವಿನ ದೀಕ್ಷಾಸ್ನಾನದ ನಮೂದಿಗೆ ಹೋಗಬೇಕು. ಅಲ್ಲಿಯೂ ಬರೀ ಮೊದಲ ಹೆಸರಷ್ಟೇ ಸಿಕ್ಕರೆ ಸಾಕ್ಷಿ ಹಾಕಿದವರ, ಮಕ್ಕಳಿಗೆ ದೇವಪಿತೃಗಳಾದವರ ಹೆಸರುಗಳ ಬೆನ್ನು ಹತ್ತಬೇಕು. ತಾಯಿಯ ಬಳಗ ಬಹಳ ಸಲ ಅಲ್ಲೇ ಅಡಗಿರುತ್ತದೆ.

ಊರಿನ ಹೆಣ್ಣುಮಕ್ಕಳದು ಇನ್ನೂ ಕಠಿಣ. ಚಿಂಚೋಳಿ, ಚಿತ್ತಾಪುರ ಸೀಮೆಯ ನಿಜಾಮ್ ಕಾಲದ ಕಂದಾಯ ಕಾಗದ ಹೆಚ್ಚಾಗಿ ಉರ್ದುವಿನಲ್ಲಿದೆ. ಪೈಗಾ ಅಮೀರರ ಜಹಗೀರಿನ ಹಳ್ಳಿಗಳ ದಫ್ತರವೇ ಬೇರೆ. ಅಲ್ಲಿ ಹೆಣ್ಣು ಕಾಣಿಸಿಕೊಳ್ಳುವುದು ಹೆಚ್ಚಾಗಿ ವಿಧವೆಯಾದಾಗ, ಹೊಲ ಅವಳ ಹೆಸರಿಗೆ ಬಂದಾಗ. ಆಗಲೂ ‘ನಾಗಮ್ಮ ಗಂಡ ಮಲ್ಲಪ್ಪ’ ಎಂದು. ತವರು ಅಲ್ಲಿ ಇಲ್ಲ. ಎಷ್ಟೋ ಮನೆತನಗಳಲ್ಲಿ ಮದುವೆಯ ದಿನ ಅತ್ತೆಮನೆಯವರು ಹೊಸ ಹೆಸರಿಡುತ್ತಾರೆ. ತವರಿನ ಪಾರ್ವತಿ ಇಲ್ಲಿ ನಾಗಮ್ಮನಾಗಿರಬಹುದು. ಮುಸ್ಲಿಂ ಮನೆತನಗಳಲ್ಲಿ ಖಾಜಿಯ ನಿಕಾಹ್ ದಫ್ತರ ಈ ವಿಷಯದಲ್ಲಿ ಮೇಲು: ವಧುವಿನ ಹೆಸರು, ತಂದೆಯ ಹೆಸರು, ಮೆಹರಿನ ಮೊತ್ತ ಒಂದೇ ಕಡೆ ಇರುತ್ತವೆ.

ನಮ್ಮವರೇ ಆದ ವಂಶಾವಳಿಕಾರರು ಹೆಳವರು. ಎತ್ತಿನ ಮೇಲೆ ಬಂದು ತಲೆಮಾರುಗಳನ್ನು ಒಂದೇ ಉಸಿರಿಗೆ ಹೇಳುವ ಅವರ ನೆನಪಿನ ಶಕ್ತಿಗೆ ಎಷ್ಟು ಗೌರವ ಕೊಟ್ಟರೂ ಕಡಿಮೆ. ಆದರೆ ಆ ಹಾಡಿಕೆ ಗಂಡುಸಂತಾನದ ದಾರಿ ಹಿಡಿದು ನಡೆಯುತ್ತದೆ. ಸೊಸೆಯ ಹಿಂದಿನ ತಲೆಮಾರು ಬೇಕೆಂದರೆ ಅವಳ ತವರಿಗೆ ಬರುವ ಹೆಳವನನ್ನೇ ಹುಡುಕಬೇಕು. ಇಬ್ಬರು ಹೆಳವರ ಹೊತ್ತಿಗೆಗಳನ್ನು ಎದುರುಬದುರು ಇಟ್ಟು ಹೆಣ್ಣಿನ ಕಡೆಯಿಂದ ಓದುವ ಕೆಲಸ ತಾಲೂಕು ಮಟ್ಟದಲ್ಲಿ ಆಗಬೇಕಿದೆ. ಅಜ್ಜಿಯ ಹೆಸರನ್ನು ಮೊಮ್ಮಗಳಿಗಿಡುವ ರೂಢಿಯೂ ಇಲ್ಲಿ ನೆರವಿಗೆ ಬರುತ್ತದೆ: ಒಂದು ತಲೆಮಾರು ಬಿಟ್ಟು ಅದೇ ಹೆಸರು ಬಂದರೆ ಅಲ್ಲೊಂದು ಕೊಂಡಿ ಇರಬಹುದು.

ನಿಜಾಮ್ ಕಾಲದ ಉರ್ದು ಕೈಬರಹ ಓದಬಲ್ಲ ಹಿರಿಯರು ಈ ತಾಲೂಕುಗಳಲ್ಲಿ ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಗುಲ್ಬರ್ಗಾ ವಿಶ್ವವಿದ್ಯಾಲಯದ ಇತಿಹಾಸ ವಿದ್ಯಾರ್ಥಿಗಳು ಅವರ ಪಕ್ಕದಲ್ಲಿ ಕೂತು ಕಂದಾಯ ದಫ್ತರ, ಖಾಜಿಗಳ ದಫ್ತರಗಳಿಂದ ಹೆಣ್ಣುಗಳ ಹೆಸರನ್ನು ಬೇರೆಯಾಗಿ ಪಟ್ಟಿ ಮಾಡಬೇಕು. ಓದುಗರು ಮನೆಯಲ್ಲೇ ಶುರುಮಾಡಬಹುದು: ತಾಯಿಯ ತಾಯಿ, ಅವಳ ತಾಯಿ, ಅವರವರ ತವರೂರು, ಮದುವೆಗೆ ಮುಂಚಿನ ಹೆಸರು. ಹೇಳುವವರು ಇರುವಾಗಲೇ ಬರೆದಿಟ್ಟುಕೊಳ್ಳಿ.