ಹದಿನೈದು ಅಂಶದ ಧ್ರುವ

ಖಗೋಳದ ಉತ್ತರ ಧ್ರುವವು ಯಾವ ಊರಿನಲ್ಲಾದರೂ ಆ ಊರಿನ ಅಕ್ಷಾಂಶದಷ್ಟೇ ಎತ್ತರದಲ್ಲಿ ನಿಲ್ಲುವುದರಿಂದ, ಗದಗ-ಬೆಟಗೇರಿಯಲ್ಲಿ ಅದು ಕ್ಷಿತಿಜದ ಮೇಲೆ ಸುಮಾರು 15.4 ಅಂಶದಷ್ಟಿದ್ದರೆ ಲಕ್ಷ್ಮೇಶ್ವರದಲ್ಲಿ ಇನ್ನೂ ತುಸು ಕೆಳಗಿರುವುದು. ದೂರದರ್ಶಕದ ಮೌಂಟನ್ನು ಧ್ರುವಾಭಿಮುಖವಾಗಿ ನಿಲ್ಲಿಸಿ ನೀಹಾರಿಕೆಗಳ ದೀರ್ಘಾವಧಿಯ ಚಿತ್ರಗಳನ್ನು ತೆಗೆಯಬಯಸುವವರಿಗೆ ನಮ್ಮ ಸೀಮೆಯೊಡ್ಡುವ ಪರೀಕ್ಷೆ ಹುಟ್ಟುವುದು ಇಲ್ಲಿಂದಲೇ. ಅಷ್ಟು ಕೆಳಗಿರುವ ಧ್ರುವನಕ್ಷತ್ರವನ್ನು ಬೇಸಗೆಯ ಧೂಳು ಮಸುಕುಗೊಳಿಸುತ್ತದೆ, ಊರಿನ ದೀಪಗಳು ನುಂಗುತ್ತವೆ. ಶಿರಹಟ್ಟಿಯ ಕಡೆ ಕಪ್ಪತಗುಡ್ಡದ ತೆಂಕಣ ಬುಡಕ್ಕೆ ಒತ್ತಿಕೊಂಡ ಹೊಲಗಳಲ್ಲಿ ನಿಂತವನಿಗೆ ಗುಡ್ಡವೇ ಮರೆಯಾಗುತ್ತದೆ.

ಗಂಟೆಗೆ 15 ಅಂಶದಂತೆ ತಿರುಗುವ ಆಕಾಶವನ್ನು ಹಿಂಬಾಲಿಸಬೇಕಾದ ಮೌಂಟಿನ ಅಕ್ಷವು ಭೂಮಿಯ ಅಕ್ಷಕ್ಕೆ ಸಮಾಂತರವಾಗಿರದಿದ್ದರೆ, ಅಂಶದ ಅರವತ್ತನೆಯ ಭಾಗವಾದ ಕಲೆಯ ಲೆಕ್ಕದಲ್ಲಿ ಹತ್ತೇ ಕಲೆಗಳ ತಪ್ಪು ಕೂಡ ನಕ್ಷತ್ರವನ್ನು ನಿಮಿಷಕ್ಕೆ ಎರಡೂವರೆ ವಿಕಲೆಗಳಷ್ಟು (ಕಲೆಯ ಅರವತ್ತನೆಯ ಭಾಗವೇ ವಿಕಲೆ) ಸರಿಸಬಲ್ಲುದು. ಗೈಡಿಂಗ್ ಕ್ಯಾಮೆರಾ ಈ ಸರಿತವನ್ನು ತಿದ್ದೀತು. ಚಿತ್ರದ ಅಂಚಿನ ತಾರೆಗಳನ್ನು ಕಮಾನಾಗಿ ಎಳೆಯುವ ಸುತ್ತುವಿಕೆಯನ್ನು ತಿದ್ದಲಾರದು.

ನಿನಾ ಎಂಬ ಉಚಿತ ತಂತ್ರಾಂಶದ ಮೂರು ಬಿಂದುಗಳ ವಿಧಾನವೂ ಕೆಸ್ಟಾರ್ಸ್ ಎಂಬ ತಂತ್ರಾಂಶದೊಳಗಿನ ಇಕೋಸ್‌ನ ವಿಧಾನವೂ ನಮಗೆ ಮಹೋಪಕಾರಿಗಳಾಗಿರುವುದು, ಅವು ಧ್ರುವನಕ್ಷತ್ರದ ದರ್ಶನವನ್ನೇ ಬೇಡದಿರುವುದರಿಂದ. ಮೌಂಟನ್ನು ಅದರ ಧ್ರುವಾಕ್ಷದ ಸುತ್ತ ಅಷ್ಟಷ್ಟೇ ತಿರುಗಿಸುತ್ತ ಆಕಾಶದ ತೆರವಾದ ಭಾಗದಲ್ಲಿ ಮೂರು ಚಿತ್ರಗಳನ್ನು ತೆಗೆದು, ಪ್ರತಿಯೊಂದರ ತಾರಾವಿನ್ಯಾಸವನ್ನು ನಕ್ಷತ್ರಪಟ್ಟಿಯೊಡನೆ ಹೋಲಿಸಿ ಅದರ ಕೇಂದ್ರವನ್ನು ಗೊತ್ತುಪಡಿಸಿ (ಪ್ಲೇಟ್ ಸಾಲ್ವಿಂಗ್ ಎನ್ನುವುದು ಇದನ್ನೇ), ಆ ಮೂರು ಕೇಂದ್ರಗಳ ಮೂಲಕ ಹಾಯುವ ವೃತ್ತದ ನಡುವನ್ನು ಕಂಡುಕೊಂಡರೆ, ಮೌಂಟಿನ ಅಕ್ಷವು ನೋಡುತ್ತಿರುವ ತಾಣ ಅದೇ ಆಗಿರುತ್ತದೆ. ಅಲ್ಲಿಂದ ಧ್ರುವಕ್ಕಿರುವ ಅಂತರವು ಪರದೆಯ ಮೇಲೆ ಮೂಡಿ, ತಿರುಪುಗಳನ್ನು ಹದವಾಗಿ ತಿರುವಿದಂತೆ ಕುಗ್ಗುತ್ತ ಹೋಗುತ್ತದೆ. ರೇಖಾಗಣಿತವನ್ನು ಆಕಾಶದಲ್ಲಿ ಇಷ್ಟು ನೇರವಾಗಿ ಕಾಣಿಸುವ ಇನ್ನೊಂದು ಪ್ರಯೋಗವನ್ನು ನಾನರಿಯೆ.

ಹದಿನೈದು ಅಂಶದ ಎತ್ತರದಲ್ಲಿ ವಾಯುಮಂಡಲದ ವಕ್ರೀಭವನವು ಧ್ರುವವನ್ನು ಸುಮಾರು ಮೂರೂವರೆ ಕಲೆಗಳಷ್ಟು ಮೇಲೆತ್ತಿ ತೋರಿಸುವುದು. ಐವತ್ತು ಅಂಶದ ಅಕ್ಷಾಂಶದವರಿಗೆ ಇದು ಒಂದು ಕಲೆಗೂ ಕಡಿಮೆಯಾದುದರಿಂದ ಅವರು ಕಡೆಗಣಿಸಿಯಾರು. ನಾವು ತಂತ್ರಾಂಶದಲ್ಲಿ ಊರಿನ ಅಕ್ಷಾಂಶ ರೇಖಾಂಶಗಳನ್ನು ಸರಿಯಾಗಿ ತುಂಬಿ, ವಕ್ರೀಭವನದ ತಿದ್ದುಪಡಿಯನ್ನು ಮರೆಯದೆ ಆಯ್ದುಕೊಳ್ಳತಕ್ಕದ್ದು.

ಇಷ್ಟಾದರೂ ತಂತ್ರಾಂಶವು ನೆಲವನ್ನು ಕಾಯಲಾರದು. ಮುಂಡರಗಿ, ಲಕ್ಷ್ಮೇಶ್ವರಗಳ ಎರೆಹೊಲಗಳು ಬಡಗಣ ದಿಗಂತವನ್ನು ತೆರೆದಿಡುವುದರಲ್ಲಿ ಉದಾರಿಗಳೇ ಸರಿ. ಆದರೆ ಹಸಿಯಲ್ಲಿ ಉಬ್ಬಿ, ಒಣಗಿದಾಗ ಬಿರಿಯುವ ಆ ಮಣ್ಣಿನಲ್ಲಿ, ಒಂದು ಮೀಟರ್ ಹರವಿನ ಟ್ರೈಪಾಡಿನ ಒಂದು ಕಾಲು ಒಂದೇ ಮಿಲಿಮೀಟರ್ ಕುಸಿದರೂ ಅಕ್ಷವು ಮೂರು ಕಲೆಗಳಿಗೆ ಮೀರಿ ವಾಲಬಹುದು. ಆದುದರಿಂದ ಈ ವಿದ್ಯೆಗಿಳಿಯುವ ತರುಣರು ಮೂರು ಕಾಲುಗಳ ಅಡಿಗೂ ಅಗಲವಾದ ಕಲ್ಲುಚಪ್ಪಡಿಗಳನ್ನಿರಿಸಿ, ಹೊರೆಯನ್ನೆಲ್ಲ ಏರಿಸಿದ ಬಳಿಕವೇ ಅಳತೆಗೆ ತೊಡಗಬೇಕು. ತಿರುಪುಗಳನ್ನು ಬಿಗಿದ ಮೇಲೆ ಮತ್ತೊಮ್ಮೆ, ನಡುರಾತ್ರಿ ಇನ್ನೊಮ್ಮೆ ಅಳೆದು ನೋಡಬೇಕು.