ಮಣೆ ನೋಡದೆ ನಲವತ್ತು ಆಟ

ಒಬ್ಬ ಚೆಸ್ ಮಾಸ್ಟರ್ ಸಾಲು ಮಣೆಗಳ ಮುಂದೆ ಸುತ್ತುತ್ತ ಎಲ್ಲರೊಡನೆ ಆಡುವ ಪ್ರದರ್ಶನಗಳ ಬಗ್ಗೆ ನನಗೆ ಅಂಥ ಬೆರಗಿಲ್ಲ. 1922ರಲ್ಲಿ ಕಪಾಬ್ಲಾಂಕಾ ಕ್ಲೀವ್‌ಲ್ಯಾಂಡಿನಲ್ಲಿ 103 ಮಂದಿಯೊಡನೆ ಆಡಿ 102 ಆಟ ಗೆದ್ದ, ಒಂದು ಡ್ರಾ. ದೊಡ್ಡ ಸಾಧನೆಯೇ ಸರಿ. ಆದರೆ ಅಲ್ಲಿ ಮೊದಲು ಸೋಲುವುದು ಕಾಲು. ಕಾಯಿಗಳಂತೂ ಕಣ್ಣೆದುರಿಗೇ ಇರುತ್ತವೆ. ಮಣೆ ನೋಡದೆ ಆಡುವವನಿಗೆ ಆ ಭಾಗ್ಯವಿಲ್ಲ.

‘ಹದಿನೇಳನೇ ಬೋರ್ಡು, ಕುದುರೆ ಎಫ್ 6’ ಎಂದು ಯಾರೋ ಕೂಗುತ್ತಾರೆ. ಇವನು ಬಾಯಲ್ಲೇ ಉತ್ತರ ಕೊಡಬೇಕು. ಆಟ ಬೆಳೆದಷ್ಟೂ ಕಷ್ಟ ಹೆಚ್ಚುತ್ತದೆಂದು ನೋಡುವವರು ಭಾವಿಸುತ್ತಾರೆ. ನಿಜ ಅದಕ್ಕೆ ತಿರುಗುಮುರುಗು. ಮೊದಲ ಏಳೆಂಟು ನಡೆಗಳೇ ಗಂಡಾಂತರ. ಆಗ ಎಲ್ಲ ಮಣೆಗಳೂ ಅವಳಿಜವಳಿಗಳಂತೆ ಕಾಣುತ್ತವೆ. ಅದಕ್ಕೇ ಪಳಗಿದವರು ಇಷ್ಟು ಬೋರ್ಡಿಗೆ ರಾಜನ ಕಾಲಾಳು, ಇಷ್ಟಕ್ಕೆ ಮಂತ್ರಿಯ ಕಾಲಾಳು ಎಂದು ಆರಂಭದಲ್ಲೇ ಪಾಲು ಮಾಡಿಕೊಳ್ಳುತ್ತಾರೆ. ಒಂದೊಂದು ಆಟಕ್ಕೂ ತನ್ನ ಮುಖ ಮೂಡಿದ ಮೇಲೆ ನೆನಪು ತಾನಾಗಿ ಅಂಟಿಕೊಳ್ಳುತ್ತದೆ. (ಅವಧಾನ ನೋಡಿ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.) ಮಿದುಳಿಗೆ ಹಾನಿಯೆಂದು ಹೆದರಿದ ಸೋವಿಯತ್ ಒಕ್ಕೂಟ 1930ರಲ್ಲಿ ಇಂಥ ಪ್ರದರ್ಶನಗಳನ್ನೇ ನಿಷೇಧಿಸಿತ್ತು.

ಈ ವಿದ್ಯೆಯ ಮಾತು ಬಂದಾಗಲೆಲ್ಲ ನನ್ನ ಮನಸ್ಸು ಹೋಗುವುದು ಮಿಗೆಲ್ ನೈಡಾರ್ಫ್‌ನ ಕಡೆಗೆ. ಸಿಸಿಲಿಯನ್ ಎಂಬ ಆರಂಭ ಆಡುವವರು ದಿನಬೆಳಗಾದರೆ ನೆನೆಯುವ ಅದೇ ನೈಡಾರ್ಫ್. ಪೋಲೆಂಡಿನ ಯಹೂದಿ. 1939ರಲ್ಲಿ ಒಲಿಂಪಿಯಾಡ್ ಆಡಲು ಬ್ಯೂನಸ್ ಐರಿಸ್‌ಗೆ ಬಂದಿದ್ದಾಗ ಹಿಟ್ಲರನ ಸೇನೆ ಪೋಲೆಂಡಿಗೆ ನುಗ್ಗಿತು. ಆತ ಅರ್ಜೆಂಟೀನಾದಲ್ಲೇ ಉಳಿದ. ಹೆಂಡತಿ, ಮಗು, ಹೆತ್ತವರು, ಒಡಹುಟ್ಟಿದವರು ಅಲ್ಲಿ. ಕಾಗದವಿಲ್ಲ, ಸುದ್ದಿಯಿಲ್ಲ. 1943ರಲ್ಲಿ ರೊಸಾರಿಯೋ ಪಟ್ಟಣದಲ್ಲಿ 40 ಮಂದಿಯ ವಿರುದ್ಧ ಮಣೆ ನೋಡದೆ ಆಡಲು ಕೂತ. ದಾಖಲೆಯಾದರೆ ದೂರದ ಪತ್ರಿಕೆಗಳೂ ಬರೆದಾವು, ತನ್ನವರಲ್ಲಿ ಯಾರಾದರೂ ಹೆಸರು ಕಂಡು ‘ಬದುಕಿದ್ದಾನೆ’ ಎಂದುಕೊಂಡಾರು ಎಂಬ ಆಸೆ.

ದಾಖಲೆಯಾಯಿತು. ಓಲೆ ಬರಲಿಲ್ಲ. ಹೆಂಡತಿ, ಮಗು, ಹೆತ್ತವರು ಯಾರೂ ಆ ನರಮೇಧದಲ್ಲಿ ಉಳಿಯಲಿಲ್ಲ.

1947ರಲ್ಲಿ ಸಾವೊ ಪೌಲೋದಲ್ಲಿ ಆತ 45 ಮಣೆಗಳಿಗೇರಿದ: 39 ಗೆಲುವು, 4 ಡ್ರಾ, 2 ಸೋಲು, ಹಿಡಿದದ್ದು ಇಪ್ಪತ್ತಮೂರೂವರೆ ಗಂಟೆ. 2016ರಲ್ಲಿ ಲಾಸ್ ವೇಗಸ್‌ನಲ್ಲಿ ತೈಮೂರ್ ಗರೆಯೆವ್ ವ್ಯಾಯಾಮದ ಸೈಕಲ್ ತುಳಿಯುತ್ತ 48 ಆಡಿದ. ಸಂಖ್ಯೆ ದೊಡ್ಡದು, ಒಪ್ಪಿದೆ. ನನ್ನ ಲೆಕ್ಕದಲ್ಲಿ ಮಾತ್ರ ರೊಸಾರಿಯೋದ 40ನ್ನು ಇನ್ನೂ ಯಾರೂ ದಾಟಿಲ್ಲ.