ಪೌರನೀತಿಯೂ ಸಮಾಜಸೇವಾ ಶಿಕ್ಷಣವೂ : ಜೇನ್ ಆಡಮ್ಸ್ ಅವರ ಗ್ರಂಥದ ವಿಮರ್ಶೆ

ಸಮಾಜಸೇವೆಯನ್ನು ವೃತ್ತಿಯಾಗಿ ಕಲಿಸುವ ಉಚ್ಚ ವಿದ್ಯಾಲಯಗಳಲ್ಲಿ ಪೌರನೀತಿಗೆ ಯಾವ ಸ್ಥಾನವಿರಬೇಕೆಂಬ ಪ್ರಶ್ನೆಯು ಹೊಸದಲ್ಲ. ಅಮೆರಿಕದ ಷಿಕಾಗೋ ನಗರದಲ್ಲಿ 1908ರಲ್ಲಿ ಏರ್ಪಟ್ಟ ವಿದ್ಯಾಲಯವೊಂದರ ಹೆಸರೇ 'ಪೌರನೀತಿ ಮತ್ತು ಲೋಕೋಪಕಾರ ವಿದ್ಯಾಲಯ' ಎಂದಿದ್ದಿತು. 1920ರಲ್ಲಿ ಅದು ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಸೇರಿ ಸಮಾಜಸೇವಾಡಳಿತದ ವಿದ್ಯಾಲಯವಾದಾಗ ಪೌರನೀತಿಯೆಂಬ ಮಾತು ಹೆಸರಿನಿಂದ ಬಿಟ್ಟುಹೋಯಿತು. ಹೆಸರು ಹೋದ ಮಾತ್ರಕ್ಕೆ ವಿಷಯವೂ ಹೋಯಿತೆನ್ನಲಾಗದು. ಆದರೆ ಆ ವಿಷಯದ ಸ್ವರೂಪವೇನೆಂದು ತಿಳಿಯಬೇಕಾದರೆ, ಅದೇ ನಗರದಲ್ಲಿ ಅದಕ್ಕೂ ಮೊದಲು ರೂಪುಗೊಂಡು 1902ರಲ್ಲಿ ಪ್ರಕಟವಾದ ಜೇನ್ ಆಡಮ್ಸ್ ಅವರ 'ಡೆಮಾಕ್ರಸಿ ಅಂಡ್ ಸೋಷಿಯಲ್ ಎಥಿಕ್ಸ್' ಎಂಬ ಗ್ರಂಥವನ್ನು ಪರಿಶೀಲಿಸತಕ್ಕದ್ದು.

ಆಡಮ್ಸ್ ಅವರು 1889ರಲ್ಲಿ ಎಲೆನ್ ಗೇಟ್ಸ್ ಸ್ಟಾರ್ ಅವರೊಡಗೂಡಿ, ಪರದೇಶಗಳಿಂದ ಬಂದು ನೆಲಸಿದ ಬಡವರ ನಡುವೆ 'ಹಲ್ ಹೌಸ್' ಎಂಬ ಸೇವಾನಿಲಯವನ್ನು ಸ್ಥಾಪಿಸಿದರು. ಗ್ರಂಥವು ಆ ಅನುಭವದ ಫಲ. ಇದರಲ್ಲಿ ರಾಜ್ಯಾಂಗದ ಅಂಗೋಪಾಂಗಗಳ ವರ್ಣನೆಯಿಲ್ಲ. ದಾನ, ಕುಟುಂಬ, ಗೃಹಕೃತ್ಯ, ಕೈಗಾರಿಕೆ, ಶಿಕ್ಷಣ, ರಾಜಕೀಯ ಎಂಬ ಆರು ಕ್ಷೇತ್ರಗಳಲ್ಲಿ ಮನುಷ್ಯರು ಪರಸ್ಪರ ನಡೆದುಕೊಳ್ಳುವ ರೀತಿಯೇ ಇದರ ವಸ್ತು. ವ್ಯಕ್ತಿಗೂ ಕುಟುಂಬಕ್ಕೂ ಸಾಕಾಗಿದ್ದ ನೀತಿಯು ನಗರಜೀವನಕ್ಕೆ ಸಾಲದು, ಸಮಷ್ಟಿನೀತಿಯೊಂದು ಬೆಳೆಯಬೇಕೆಂಬುದೇ ಇದರ ಪ್ರತಿಪಾದನೆ.

ಗ್ರಂಥದ ಸಾರವೆಲ್ಲ ಕೊನೆಯ ಅಧ್ಯಾಯದಲ್ಲಿದೆ. ಹಲ್ ಹೌಸಿನ ಶಿಶುಶಾಲೆಯಲ್ಲಿ, ಹೆತ್ತವರು ತೊರೆದ ಕೂಸೊಂದು ಎಷ್ಟು ಆರೈಕೆಮಾಡಿದರೂ ಉಳಿಯದೆ ತೀರಿಕೊಂಡಿತು. ಅದನ್ನು ಸರ್ಕಾರದ ಖರ್ಚಿನಲ್ಲಿ ಹೂಳಿಸುವುದೆಂದು ನಿಲಯದವರು ನಿಶ್ಚಯಿಸಿದರು. ಸುದ್ದಿ ತಿಳಿದ ನೆರೆಹೊರೆಯವರು ಕೆರಳಿ ಬಂದು, ತಮ್ಮ ಬಡತನದಲ್ಲಿಯೇ ವಂತಿಗೆ ಎತ್ತಿದರು. ಕೂಸು ಬದುಕಿದ್ದಾಗ ನಡೆದ ಶುಶ್ರೂಷೆಯು ಅವರಿಗೆ ಲೆಕ್ಕಕ್ಕೆ ಬರಲಿಲ್ಲ. ಅದೇ ವಾರ್ಡಿನ ನಗರಸಭಾ ಸದಸ್ಯನಾದರೋ ಅವರ ಮನಸ್ಸನ್ನು ಬಲ್ಲವನು. ಬಡವನ ಶವಯಾತ್ರೆಗೆ ನೆರವಾಗುವನು; ಕೆಲಸ ಕೊಡಿಸುವನು; ಜಾಮೀನಾಗುವನು; ಕ್ರಿಸ್‌ಮಸ್ಸಿಗೆ ಟನ್ನುಗಟ್ಟಲೆ ಟರ್ಕಿ ಕೋಳಿಗಳನ್ನು ಹಂಚುವನು. ಹಣದ ಮೂಲವು ಕೆಟ್ಟದ್ದಾದರೂ ಜನರ ಕಣ್ಣಿಗೆ ಆತನು ಒಳ್ಳೆಯ ನೆರೆಯವನು.

ಲಂಚವು ಪಾಪವೆಂದು ಬೋಧಿಸುವ ಪಾಠಪುಸ್ತಕಗಳಿಗೆ ನಿಲುಕದ ಸತ್ಯವಿದು. ಜನರು ದುಷ್ಟತನವನ್ನು ಮೆಚ್ಚಿ ಮತ ಕೊಡುವುದಿಲ್ಲ; ತಾವು ಕಂಡ ಒಳ್ಳೆಯತನಕ್ಕೇ ಮತ ಕೊಡುತ್ತಾರೆ. ಸುಧಾರಕನ ನೀತಿ ಅವರಿಗೆ ಕಾಣಿಸುವುದೇ ಇಲ್ಲ. ಸಮಾಜಸೇವೆಯ ವಿದ್ಯಾರ್ಥಿಗೆ ಪೌರನೀತಿಯ ಮೊದಲ ಪಾಠ ಇದೇ ಆಗತಕ್ಕದ್ದು. ತನ್ನ ವರ್ಗದ ನೀತಿಯನ್ನೇ ನೀತಿಯೆಲ್ಲವೂ ಎಂದು ಭಾವಿಸಿ ಬಡವರ ಮನೆಗೆ ಹೋಗುವವನು ಉಪದೇಶಕನಾದಾನೇ ಹೊರತು ಸಹಪೌರನಾಗಲಾರನು.

ಆದರೆ ಗ್ರಂಥದ ನ್ಯೂನತೆಯೂ ಇಲ್ಲಿಯೇ ಇದೆ. ಭ್ರಷ್ಟಾಡಳಿತದ ಭಾರವು ಕಡೆಗೆ ಬಡವರ ಮೇಲೆಯೇ ಹೆಚ್ಚಾಗಿ ಬೀಳುವುದೆಂದು ಆಡಮ್ಸ್ ಬಲ್ಲರು. ದಾಕ್ಷಿಣ್ಯದಿಂದ ಹಕ್ಕಿನ ಕಡೆಗೆ ಹೋಗುವ ದಾರಿಯನ್ನು ಮಾತ್ರ ತೋರಿಸುವುದಿಲ್ಲ. ಸದಸ್ಯನ ಕೃಪೆಯಿಂದ ಕೆಲಸ ಪಡೆದವನು ಅವನ ಋಣಿ. ಕಾನೂನಿನಿಂದ ಪಡೆದವನು ಯಾರ ಋಣಿಯೂ ಅಲ್ಲ. ಈ ಭೇದವನ್ನು ಗ್ರಂಥವು ಬಿಡಿಸಿ ಹೇಳಬೇಕಾಗಿತ್ತು. ಲೇಖಕಿಯ ಸ್ಥಿತಿಯೂ ಗಮನಾರ್ಹ. 1895ರಲ್ಲಿ ಅವರು ತಮ್ಮ ವಾರ್ಡಿನ ಕಸದ ಮೇಲ್ವಿಚಾರಕರಾಗಿ ನೇಮಕಗೊಂಡಿದ್ದರು. ಆದರೂ ಆ ರಾಜ್ಯದ ಸ್ತ್ರೀಯರಿಗೆ ನಗರಸಭಾ ಚುನಾವಣೆಯಲ್ಲಿ ಮತಾಧಿಕಾರ ದೊರೆತದ್ದು 1913ರಲ್ಲಿ. ಮತವಿಲ್ಲದವರು ಬರೆದ ಪ್ರಜಾಪ್ರಭುತ್ವದ ಗ್ರಂಥವು ಅಧಿಕಾರಕ್ಕಿಂತ ಸಹಾನುಭೂತಿಯನ್ನು ಹೆಚ್ಚು ನಂಬಿದ್ದರೆ ಅದು ಸಹಜವೇ.

ಮುಂದೆ ಈಡಿತ್ ಅಬಟ್, ಸೊಫೊನಿಸ್ಬ ಬ್ರೆಕಿನ್‌ರಿಜ್ ಇವರು ಷಿಕಾಗೋ ವಿದ್ಯಾಲಯದಲ್ಲಿ ಶಾಸನಕ್ಕೂ ಸಾರ್ವಜನಿಕ ಆಡಳಿತಕ್ಕೂ ಪ್ರಾಶಸ್ತ್ಯ ಕೊಟ್ಟು ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದರು. ಆದರೆ ಶಾಸನವನ್ನು ಮಾತ್ರ ಕಲಿತವನು ಸರ್ಕಾರದ ಖರ್ಚಿನ ಸಂಸ್ಕಾರದಲ್ಲಿ ದೋಷವನ್ನೇ ಕಾಣಲಾರನು.

ಭಾರತದಲ್ಲಿ ಈ ಶಿಕ್ಷಣದ ಮೊದಲ ವಿದ್ಯಾಲಯವು 1936ರಲ್ಲಿ ಟಾಟಾ ಧರ್ಮನಿಧಿಯಿಂದ ಮುಂಬಯಿಯಲ್ಲಿ ಆರಂಭವಾಯಿತು. 1950ರ ಸಂವಿಧಾನವು ವಯಸ್ಕರೆಲ್ಲರಿಗೂ ಮತಾಧಿಕಾರವನ್ನು ಕೊಟ್ಟಿತು. ನೆರವು ಕೇಳುವವನೂ ಕೊಡುವವನೂ ಸಮಾನ ಮತದಾರರಾಗಿರುವ ನಾಡಿನಲ್ಲಿ ಶಾಸನದ ಪುಸ್ತಕವನ್ನೂ ಆಡಮ್ಸ್ ಅವರ ಗ್ರಂಥವನ್ನೂ ಜೊತೆಯಾಗಿಯೇ ಓದಿಸತಕ್ಕದ್ದು. ಒಂದು ಹಕ್ಕನ್ನು ತಿಳಿಸುತ್ತದೆ. ಇನ್ನೊಂದು ಹಕ್ಕುಳ್ಳ ಮನುಷ್ಯನನ್ನು ತಿಳಿಸುತ್ತದೆ.